ಕೆಲಸ ಕೊಡಿಸುವವರ ಕೆಲಸ

ಕೆಲಸ ಹುಡುಕುವವನ ಕಷ್ಟವನ್ನು ಎಲ್ಲರೂ ಬಲ್ಲರು. ಕೆಲಸ ಕೊಡಿಸುವ ಕಛೇರಿಯಲ್ಲಿ, ಮೇಜಿನ ಆಚೆ ಬದಿಗೆ ಕುಳಿತು ಬೆಳಗಿನಿಂದ ಸಂಜೆಯವರೆಗೆ ಫೋನು ಮಾಡುತ್ತಲೇ ಇರುವ ಗುಮಾಸ್ತನ ಕಷ್ಟವನ್ನು ವಿಚಾರಿಸುವವರು ಕಡಿಮೆ. ಆದರೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡಿಗರ ಮಕ್ಕಳು ಇಂದು ಆ ಮೇಜಿನ ಎರಡು ಬದಿಗಳಲ್ಲಿಯೂ ಕಾಣಸಿಗುತ್ತಾರೆ. ಬಿ.ಕಾಂ. ಮುಗಿಸಿದ ಹುಡುಗಿ ಜೂನ್ ತಿಂಗಳಲ್ಲಿ ಅಲ್ಲಿಗೆ ತನ್ನ ಬಯೋಡೇಟಾ ಕೊಟ್ಟುಬರುತ್ತಾಳೆ. ಅಕ್ಟೋಬರಿನ ಹೊತ್ತಿಗೆ ಅದೇ ಕಛೇರಿಯಲ್ಲಿ ಇತರರ ಬಯೋಡೇಟಾ ತಿರುವಿಹಾಕುತ್ತ ಕುಳಿತಿರುತ್ತಾಳೆ. ಆದುದರಿಂದ ಇಂಥ ಸಣ್ಣ ಕಛೇರಿಯೊಂದರ ಒಳಗಿನ ನಡವಳಿಕೆ ಹೇಗಿದ್ದರೆ ಅಲ್ಲಿ ದುಡಿಯುವವರಿಗೂ ಅಲ್ಲಿಗೆ ಬರುವವರಿಗೂ ಹಿತವಾದೀತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಈ ವ್ಯಾಪಾರದ ಬಗೆಯನ್ನು ತಿಳಿದುಕೊಳ್ಳಬೇಕು. ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮ ೧೯೬೨ರಲ್ಲಿ ಸ್ಥಾಪನೆಯಾದ ಮೇಲೆ ಥಾಣೆಯ ವಾಗ್ಳೆ ಎಸ್ಟೇಟ್, ಡೊಂಬಿವಲಿ, ಥಾಣೆ-ಬೇಲಾಪುರ ಪಟ್ಟಿಗಳಲ್ಲಿ ಕಾರ್ಖಾನೆಗಳು ಎದ್ದುವು. ೧೯೭೦ರಲ್ಲಿ ಹುಟ್ಟಿದ ಸಿಡ್ಕೊ ಖಾಡಿಯ ಆಚೆಗೆ ಹೊಸ ಪಟ್ಟಣವನ್ನೇ ಕಟ್ಟಿತು. ಇಂದು ಐರೋಲಿ, ಮಹಾಪೆಗಳ ಗಾಜಿನ ಕಟ್ಟಡಗಳಿಗೆ ಲೆಕ್ಕಪತ್ರದವರು ಬೇಕು, ತಳೋಜೆಯ ಕಾರ್ಖಾನೆಗೆ ಫಿಟ್ಟರು ಬೇಕು, ಭಿವಂಡಿಯ ಗೋದಾಮಿಗೆ ಮಾಲು ಎಣಿಸುವವರು ಬೇಕು. ಇವರನ್ನೆಲ್ಲ ಹುಡುಕಿಕೊಡುವ ಕಛೇರಿ ಬಹುಮಟ್ಟಿಗೆ ಸ್ಟೇಶನ್ನಿನ ಸಮೀಪ, ಯಾವುದೋ ಔಷಧದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇರುತ್ತದೆ. ಯಜಮಾನರೊಬ್ಬರು, ಐದಾರು ಗುಮಾಸ್ತರು, ನಾಲ್ಕು ಕಂಪ್ಯೂಟರು, ಬಿಡುವಿಲ್ಲದ ಫೋನು.

ಹಣ ಬರುವುದು ಕಂಪನಿಯಿಂದ. ಕಳುಹಿಸಿದ ಉಮೇದುವಾರ ಕೆಲಸಕ್ಕೆ ಸೇರಿದರೆ ಅವನ ವರ್ಷದ ಸಂಬಳದ ಶೇಕಡಾ ೮.೩೩ ಎಂಬುದು ಈ ವೃತ್ತಿಯಲ್ಲಿ ಎಲ್ಲರ ಬಾಯಲ್ಲಿರುವ ದರ. ಹುದ್ದೆಗೆ ತಕ್ಕಂತೆ ಹೆಚ್ಚುಕಡಿಮೆ ಆಗುವುದುಂಟು. ವರ್ಷದ ಸಂಬಳದ ಹನ್ನೆರಡನೆಯ ಒಂದು ಪಾಲು, ಅಂದರೆ ಒಂದು ತಿಂಗಳ ಪಗಾರ. ತಿಂಗಳಿಗೆ ೨೫,೦೦೦ ರೂಪಾಯಿಯ ಗುಮಾಸ್ತನೊಬ್ಬ ಸೇರಿದರೆ ಕಛೇರಿಗೆ ಅಷ್ಟೇ ಹಣ ಬಂತು. ಆದರೆ ಅದು ಅಂದೇ ಕೈಗೆ ಬರುವುದಿಲ್ಲ. ಸೇರಿದ ಮೇಲೆ ಬಿಲ್ಲು. ಬಿಲ್ಲಿನ ಮೇಲೆ ಒಂದೋ ಎರಡೋ ತಿಂಗಳ ವಾಯಿದೆ. ಸೇರಿದವನು ಮೂರು ತಿಂಗಳೊಳಗೆ ಬಿಟ್ಟುಹೋದರೆ ಬದಲಿ ಮನುಷ್ಯನನ್ನು ಪುಕ್ಕಟೆ ಕೊಡಬೇಕು, ಇಲ್ಲವೆ ಹಣ ಹಿಂತಿರುಗಿಸಬೇಕು ಎಂಬ ಕರಾರು ಸಾಮಾನ್ಯ. ಸೇರುತ್ತೇನೆಂದು ಒಪ್ಪಿದವನೇ ಸೇರುವ ದಿನ ಫೋನು ಎತ್ತದಿರುವುದೂ ಉಂಟು. ಹಳೆಯ ಕಂಪನಿಯ ನೋಟೀಸಿನ ಅವಧಿ ಎರಡು ಮೂರು ತಿಂಗಳಿದ್ದರೆ ಅಷ್ಟರಲ್ಲಿ ಅವನ ಮನಸ್ಸು ನಾಲ್ಕು ಸಲ ಬದಲಾಗಿರುತ್ತದೆ. ಹೀಗೆ ಹಲವರಿಗಾಗಿ ಪಟ್ಟ ಶ್ರಮದಲ್ಲಿ ಒಬ್ಬನ ಫಲ ಕೈಗೆ ಹತ್ತುತ್ತದೆ.

ಈ ಅನಿಶ್ಚಯದ ಭಾರವನ್ನು ಯಾರು ಹೊರಬೇಕು? ಕಛೇರಿಯ ನಡವಳಿಕೆಯೆಲ್ಲ ಈ ಒಂದು ಪ್ರಶ್ನೆಗೆ ಯಜಮಾನರು ಕೊಡುವ ಉತ್ತರದಿಂದ ಹುಟ್ಟುತ್ತದೆಂದು ನಮಗೆ ತೋರುತ್ತದೆ. ಮೂಲಸಂಬಳವನ್ನು ಖೋಲಿಯ ಬಾಡಿಗೆಗೂ ಸಾಲದಷ್ಟು ಇಟ್ಟು, ಉಳಿದದ್ದನ್ನು ‘ಇನ್ಸೆಂಟಿವ್’ ಎಂದು ಮುಂದೆ ತೂಗಾಡಿಸಿದರೆ ಭಾರವೆಲ್ಲ ಗುಮಾಸ್ತನ ತಲೆಗೆ ಬಂತು. ಅವನು ಅದನ್ನು ಹೊತ್ತುಕೊಂಡೇ ಕೂಡುವನೆ? ಎದುರಿಗೆ ನಿಂತ ಉಮೇದುವಾರನ ತಲೆಗೆ ದಾಟಿಸುತ್ತಾನೆ. ರಾತ್ರಿ ಪಾಳಿಯನ್ನು ಹಗಲು ಪಾಳಿ ಎಂದು ಹೇಳುತ್ತಾನೆ. ಹದಿನೆಂಟು ಸಾವಿರದ ಪಗಾರವನ್ನು ‘ಇಪ್ಪತ್ತರ ಹತ್ತಿರ’ ಎನ್ನುತ್ತಾನೆ. ಬದ್ಲಾಪುರದ ಹುಡುಗನನ್ನು ಪನವೇಲಿನ ಆಚೆಗೆ ಅಟ್ಟಿ, ‘ಬಸ್ಸು ಉಂಟಲ್ಲ’ ಎಂದು ಸಮಾಧಾನ ಮಾಡುತ್ತಾನೆ. ಹುಡುಗ ತಿಂಗಳಲ್ಲಿ ಕೆಲಸ ಬಿಡುತ್ತಾನೆ. ಕಂಪನಿ ಹಣ ತಡೆಯುತ್ತದೆ. ಯಜಮಾನರು ಗುಮಾಸ್ತನ ಮೇಲೆ ಹರಿಹಾಯುತ್ತಾರೆ. ಗುಮಾಸ್ತನೂ ಬೇರೆ ಕಛೇರಿ ನೋಡಿಕೊಳ್ಳುತ್ತಾನೆ. ಹುಡುಗ ಮಾತ್ರ ಊರಿಗೆ ಹಣ ಕಳುಹಿಸುವುದಾಗಿ ಬರೆದು, ಕಳುಹಿಸಲಾರದೆ ಕುಳಿತಿರುತ್ತಾನೆ.

ಸಂಪಾದನೆಯ ದಾರಿ ಮನುಷ್ಯನ ನಡತೆಯನ್ನು ಹೇಗೆ ರೂಪಿಸುತ್ತದೆ ಎಂಬುದಕ್ಕೆ ಮುಂಬಯಿಯಲ್ಲಿ ಹಳೆಯ ಸಾಕ್ಷ್ಯವುಂಟು. ಇಲ್ಲಿಯ ಹತ್ತಿಗಿರಣಿಗಳಿಗೆ ಜನರನ್ನು ಕೂಡಿಸುತ್ತಿದ್ದವನು ಜಾಬರ, ಮುಕಾದಮನೆಂದೂ ಕರೆಯುತ್ತಿದ್ದರು. ತನ್ನ ಊರು, ತನ್ನ ನೆಂಟರಿಷ್ಟರ ಕಡೆಯಿಂದ ಆಳು ತರುವವನು ಅವನೇ, ಅವರ ಮೇಲ್ವಿಚಾರಣೆ ನೋಡುವವನೂ ಅವನೇ, ಬೇಡವಾದವನನ್ನು ಹೊರಗೆ ಹಾಕುವವನೂ ಅವನೇ. ಗಿರಣಿಯ ಸಂಬಳ ಒಂದು ಕಡೆ, ಆಳುಗಳಿಂದ ಬರುವ ದಸ್ತೂರಿ ಇನ್ನೊಂದು ಕಡೆ. ಬೆಳಗ್ಗೆ ಗೇಟಿನ ಮುಂದೆ ನಿಂತ ಬದಲಿ ಆಳು ಒಳಗೆ ಹೋಗಬೇಕಾದರೆ ಜಾಬರನ ಕೈ ಬೆಚ್ಚಗಾಗಬೇಕು. ಜಾಬರರೆಲ್ಲ ಹುಟ್ಟಿನಿಂದ ದುಷ್ಟರಾಗಿದ್ದರೆ? ಹಾಗೇನೂ ಇಲ್ಲ. ಕಷ್ಟಕ್ಕೆ ಸಾಲ ಕೊಟ್ಟವರೂ, ಮಲಗಲು ಜಾಗ ತೋರಿಸಿದವರೂ ಅವರೇ. ಆದರೆ ಕೆಲಸ ಬೇಡುವವನ ಜೇಬಿನಿಂದಲೇ ಸಂಪಾದನೆ ಬರುವ ಏರ್ಪಾಡಿನಲ್ಲಿ ಒಳ್ಳೆಯವನೂ ಕೈಚಾಚುವುದನ್ನು ಕಲಿತ. ಜೆ. ಎಚ್. ವ್ಹಿಟ್ಲಿಯವರ ಅಧ್ಯಕ್ಷತೆಯ ರಾಯಲ್ ಕಮಿಷನ್ ೧೯೩೧ರ ತನ್ನ ವರದಿಯಲ್ಲಿ, ಜನರನ್ನು ತೆಗೆದುಕೊಳ್ಳುವ ಮತ್ತು ತೆಗೆದುಹಾಕುವ ಅಧಿಕಾರವನ್ನು ಜಾಬರನಿಂದ ಬಿಡಿಸಿ ಲೇಬರ್ ಆಫೀಸರರಿಗೆ ವಹಿಸಬೇಕೆಂದು ಹೇಳಿತು. ೧೯೩೫ರಲ್ಲಿ ಮುಂಬಯಿಯ ಗಿರಣಿಗಳು ಬದಲಿಗಳಿಗೆ ಚೀಟಿ ಕೊಟ್ಟು, ಚೀಟಿಯವರಿಗೇ ಕೆಲಸ ಹಂಚುವ ಪದ್ಧತಿಯನ್ನು ಆರಂಭಿಸಿದುವು.

ಸರಕಾರವೂ ಕೆಲಸ ಕೊಡಿಸುವ ಕಛೇರಿಯನ್ನು ತೆರೆಯಿತು. ಯುದ್ಧ ಮುಗಿದು ಮನೆಗೆ ಮರಳುವ ಸಿಪಾಯಿಗಳಿಗಾಗಿ ೧೯೪೫ರಲ್ಲಿ ಆರಂಭವಾದ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜುಗಳು ಮೂರು ವರ್ಷಗಳಲ್ಲಿ ಎಲ್ಲರಿಗೂ ತೆರೆದುವು. ಇವುಗಳ ಮುಂದಿನ ರೂಪವನ್ನು ಸೂಚಿಸಲು ೧೯೫೨ರಲ್ಲಿ ನೇಮಕವಾದ ಸಮಿತಿಯ ಅಧ್ಯಕ್ಷರು ನಮ್ಮ ಮಂಗಳೂರಿನವರು: ಬೆನೆಗಲ್ ಶಿವರಾಯರು. ಮದರಾಸಿನ ಕಾರ್ಮಿಕ ಚಳವಳಿಯಲ್ಲಿ ಪಳಗಿದವರು, ಪತ್ರಿಕೋದ್ಯಮಿಗಳು, ಮೊದಲನೆಯ ಲೋಕಸಭೆಯಲ್ಲಿ ದಕ್ಷಿಣ ಕನ್ನಡದ ಪ್ರತಿನಿಧಿ. ಸಂವಿಧಾನ ರಚನೆಯಲ್ಲಿ ಹೆಸರಾದ ಬಿ. ಎನ್. ರಾಯರು ಇವರ ಅಣ್ಣ. ಶಿವರಾವ್ ಸಮಿತಿಯ ೧೯೫೪ರ ವರದಿಯಂತೆ ಎಕ್ಸ್‌ಚೇಂಜುಗಳ ದಿನನಿತ್ಯದ ಆಡಳಿತ ೧೯೫೬ರ ನವೆಂಬರ್ ೧ರಿಂದ ರಾಜ್ಯಗಳ ಕೈಗೆ ಬಂತು. ಕನ್ನಡ ನಾಡು ಒಂದಾದ ದಿನವೇ ಅದು ಎಂಬುದನ್ನು ವಾಚಕರು ಗಮನಿಸಿರಬಹುದು. ಮುಂದೆ ೧೯೫೯ರ ಕಾಯಿದೆ ಬಂದು, ಇಪ್ಪತ್ತೈದು ಜನರೂ ಅದಕ್ಕೆ ಮೇಲ್ಪಟ್ಟವರೂ ಇರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನು ಎಕ್ಸ್‌ಚೇಂಜಿಗೆ ತಿಳಿಸಬೇಕಾಯಿತು. ತಿಳಿಸಿದರೆ ಸಾಕಾಗಿತ್ತು; ಅಲ್ಲಿಂದ ಬಂದವರನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟು ಇರಲಿಲ್ಲ. ಆ ಸಂದಿನಲ್ಲಿಯೇ ಖಾಸಗಿ ಕಛೇರಿಗಳು ಬೆಳೆದುವೆನ್ನಬೇಕು.

ಇನ್ನೊಂದು ಏರ್ಪಾಡು ನಮ್ಮ ಕಣ್ಣೆದುರಿಗೇ ವಾಶಿಯ ಪೇಟೆಯಲ್ಲಿದೆ. ಮೂಟೆ ಹೊರುವ ಮಾಥಾಡಿಗಳು ಅಣ್ಣಾಸಾಹೇಬ ಪಾಟೀಲರ ಮುಂದಾಳುತನದಲ್ಲಿ ಹೋರಾಡಿದ ಮೇಲೆ ೧೯೬೯ರ ಮಹಾರಾಷ್ಟ್ರದ ಮಾಥಾಡಿ ಕಾಯಿದೆ ಬಂತು. ಹಮಾಲನ ಹೆಸರು ಮಂಡಳಿಯ ದಾಖಲೆಯಲ್ಲಿ. ವ್ಯಾಪಾರಿ ಕೂಲಿಯನ್ನು ಮಂಡಳಿಗೆ ಕಟ್ಟುತ್ತಾನೆ. ಅದರ ಮೇಲಿನ ಲೆವಿಯಿಂದ ಪ್ರಾವಿಡೆಂಟ್ ಫಂಡು, ಔಷಧೋಪಚಾರ, ರಜೆಯ ಹಣ ನಡೆಯುತ್ತದೆ. ಇದರಲ್ಲಿ ಕೊರತೆಗಳಿಲ್ಲವೆಂದಲ್ಲ. ಆದರೂ ಕೆಲಸ ಹಂಚುವವನಿಗೆ ಕೆಲಸಗಾರನ ಜೇಬಿನಲ್ಲಿ ಕೈಹಾಕುವ ಹಾದಿ ಅಲ್ಲಿ ಬಹಳ ಮಟ್ಟಿಗೆ ಮುಚ್ಚಿತು.

ಸ್ಟೇಶನ್ನಿನ ಬಳಿಯ ಆ ಎರಡು ಕೋಣೆಗಳಿಗೆ ಹಿಂತಿರುಗೋಣ. ಅಲ್ಲಿ ಮಂಡಳಿಯಿಲ್ಲ, ಯೂನಿಯನ್ನಿಲ್ಲ. ಮಹಾರಾಷ್ಟ್ರದ ೨೦೧೭ರ ಅಂಗಡಿ-ಸಂಸ್ಥೆಗಳ ಕಾಯಿದೆಯನ್ನು ಬರೆದಾಗಲೇ ಹತ್ತು ಜನರಿಗಿಂತ ಕಡಿಮೆ ಇರುವ ಕಛೇರಿಗಳನ್ನು ಅದರ ಬಹುಭಾಗದಿಂದ ಹೊರಗೆ ಇಟ್ಟಿದ್ದರು. ಆದುದರಿಂದ ಆರು ಜನರ ಕಛೇರಿಯಲ್ಲಿ ಯಜಮಾನರು ಹಾಕಿಕೊಂಡ ನಿಯಮವೇ ಕಾಯಿದೆ. ಒಳ್ಳೆಯ ಯಜಮಾನರು ಏನು ಮಾಡುತ್ತಾರೆ? ಮೊದಲನೆಯದಾಗಿ, ಕಮಿಷನ್ ಒಂದು ಪೈಸೆ ಬಾರದ ತಿಂಗಳಲ್ಲಿಯೂ ಬಾಡಿಗೆ, ರೇಶನ್ನು, ರೈಲಿನ ಪಾಸು ನಡೆಯುವಷ್ಟು ಮೂಲಸಂಬಳ ಕೊಡುತ್ತಾರೆ. ಅದರ ಮೇಲೆ ಇನ್ಸೆಂಟಿವ್. ಲೆಕ್ಕಕ್ಕಾಗಿ, ಮೇಲೆ ಹೇಳಿದ ೨೫,೦೦೦ ರೂಪಾಯಿಯಲ್ಲಿ ಗುಮಾಸ್ತನ ಪಾಲು ಹತ್ತನೆಯ ಒಂದು, ೨,೫೦೦ ಎಂದಿಟ್ಟುಕೊಳ್ಳಿ. ಇದನ್ನೆಲ್ಲ ಉಮೇದುವಾರ ಸೇರಿದ ದಿನವೇ ಕೊಟ್ಟರೆ ಸೇರಿಸುವುದರಲ್ಲಷ್ಟೇ ಗುಮಾಸ್ತನಿಗೆ ಆಸಕ್ತಿ. ಕಂಪನಿಯ ಹಣ ಬಂದ ಮೇಲೆ ಕೊಡುತ್ತೇವೆಂದರೆ, ಸಾಹುಕಾರನ ಬಿಲ್ಲು ಬಾಕಿ ಉಳಿದುದಕ್ಕೆ ಬಡ ಗುಮಾಸ್ತ ಕಾಯಬೇಕು. ಸೇರಿದಾಗ ಸಾವಿರ, ಉಮೇದುವಾರ ಮೂರು ತಿಂಗಳು ನಿಂತ ಮೇಲೆ ಒಂದೂವರೆ ಸಾವಿರ, ಬಿಲ್ಲು ಬರಲಿ ಬಿಡಲಿ: ಹೀಗೆ ಮಾಡಿದಲ್ಲಿ ಗುಮಾಸ್ತ ತಾನಾಗಿಯೇ ಉಮೇದುವಾರನನ್ನು ‘ಪಾಳಿ ಯಾವುದು ಒಗ್ಗೀತು, ಯಾವ ಸ್ಟೇಶನ್ನಿನಿಂದ ಬರುತ್ತೀರಿ, ಮನೆಯಲ್ಲಿ ಯಾರಿದ್ದಾರೆ’ ಎಂದು ಕೇಳತೊಡಗುತ್ತಾನೆ. ಸೇರಿದ ಹದಿನೈದು ದಿನಕ್ಕೆ ಫೋನು ಮಾಡಿ ‘ಹೇಗಿದೆ’ ಎಂದು ವಿಚಾರಿಸುತ್ತಾನೆ. ಉಪದೇಶದಿಂದ ಬಾರದ ಸೌಜನ್ಯ ಲೆಕ್ಕದ ಪುಸ್ತಕದಿಂದ ಬಂತು.

ಎರಡನೆಯದು ಜಗಳದ ವಿಷಯ. ಈ ಕಛೇರಿಗಳಲ್ಲಿ ಮಾತು ಬಿಡುವ ಮಟ್ಟಕ್ಕೆ ಹೋಗುವ ಮನಸ್ತಾಪಗಳಲ್ಲಿ ಬಹುಪಾಲು ‘ಆ ಉಮೇದುವಾರ ಯಾರವನು’ ಎಂಬುದರ ಮೇಲೆ. ಜನವರಿಯಲ್ಲಿ ಒಬ್ಬಳು ಹೆಸರು ಬರೆದುಕೊಂಡಳು, ಏಪ್ರಿಲಿನಲ್ಲಿ ಇನ್ನೊಬ್ಬಳು ಅವನನ್ನೇ ಮಹಾಪೆಗೆ ಕಳುಹಿಸಿದಳು, ಇನ್ಸೆಂಟಿವ್ ಯಾರಿಗೆ? ಯಜಮಾನರು ಆಗಿಂದಾಗ್ಗೆ ಮುಖ ನೋಡಿ ತೀರ್ಪು ಕೊಟ್ಟರೆ ಒಬ್ಬಳು ಮುನಿಸಿಕೊಳ್ಳುತ್ತಾಳೆ, ಮರುದಿನದಿಂದ ಬಯೋಡೇಟಾಗಳನ್ನು ತನ್ನ ಮೊಬೈಲಿನಲ್ಲಿ ಅಡಗಿಸಿಡುತ್ತಾಳೆ. ಹೆಸರು ಎಷ್ಟು ತಿಂಗಳು ಬರೆದುಕೊಂಡವರ ಪಾಲಿಗೆ ಇರಬೇಕು, ಆಮೇಲೆ ಯಾರು ಬೇಕಾದರೂ ಮುಟ್ಟಬಹುದೆ, ಕಂಪನಿಯನ್ನು ತಂದವರಿಗೆ ಎಷ್ಟು, ಮನುಷ್ಯನನ್ನು ಹುಡುಕಿದವರಿಗೆ ಎಷ್ಟು, ಇವನ್ನು ಮುಂಚೆಯೇ ಬರೆದು ಗೋಡೆಗೆ ಅಂಟಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಎಲ್ಲರೂ ತೆರೆದು ನೋಡಬಹುದಾದ ಒಂದೇ ವಹಿ ಇರಬೇಕು. ಅದು ಕಂಪ್ಯೂಟರಿನಲ್ಲಿದ್ದರೇನು, ಕಾಗದದಲ್ಲಿದ್ದರೇನು. ಗುಮಾಸ್ತರು ಪಟ್ಟಿ ಕದ್ದು ಓಡುವರೆಂಬ ಭಯದಿಂದ ವಹಿಯನ್ನು ಬೀಗದಲ್ಲಿಟ್ಟು ವ್ಯಾಪಾರ ನಡೆಸುವ ಯಜಮಾನರೂ ಉಂಟು. ಬೀಗ ಕಂಡವನಿಗೆ ಕದಿಯುವ ಯೋಚನೆ ಬೇಗ ಹೊಳೆಯುತ್ತದೆ.

‘ನಮ್ಮ ಕಛೇರಿ ಒಂದು ಕುಟುಂಬ’ ಎಂಬ ಮಾತು ಈಗ ಬಹಳ ಕೇಳಿಬರುತ್ತದೆ. ಈ ಮಾತಿನ ಎರಡು ಮುಖಗಳನ್ನು ನಮ್ಮವರಷ್ಟು ಬಲ್ಲವರು ವಿರಳ. ನಮ್ಮ ಹಿರಿಯರ ಉಡುಪಿ ಹೋಟೆಲುಗಳು ಬೋರ್ಡು ಹಾಕದ ನೌಕರಿ ಕಛೇರಿಗಳೇ ಆಗಿದ್ದುವಲ್ಲವೆ? ಧಣಿಗಳ ಕಡೆಯವರು ಜಾತ್ರೆಗೋ ಕೋಲಕ್ಕೋ ಊರಿಗೆ ಹೋದರೆ ಬರುವಾಗ ಜೊತೆಗೆ ಇಬ್ಬರು ಹುಡುಗರು. ಊಟ ಅಲ್ಲೇ, ಮಲಗುವುದು ಅಲ್ಲೇ. ಅನೇಕ ಧಣಿಗಳು ಸ್ವತಃ ಅದೇ ದಾರಿ ನಡೆದು ಬಂದವರು; ಮಾಟುಂಗದಲ್ಲಿ ೧೯೪೨ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮನಾಯಕರು ಹುಡುಗನಾಗಿ ಅಡಿಗೆಮನೆಯಿಂದಲೇ ಆರಂಭಿಸಿದವರು. ಸಂಜೆ ಹುಡುಗರನ್ನು ಬಿಟ್ಟುಕೊಟ್ಟು ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂತಾದವರು ನಡೆಸುತ್ತಿದ್ದ ರಾತ್ರಿ ಶಾಲೆಗಳಿಗೆ ಕಳುಹಿಸಿದ ಧಣಿಗಳಿದ್ದರು. ಆ ಹುಡುಗರು ಬ್ಯಾಂಕು ಸೇರಿದರು, ವಕೀಲರಾದರು. ‘ಮನೆಯವನಲ್ಲವೆ, ಲೆಕ್ಕ ಯಾಕೆ’ ಎಂದು ಬೆಳಗಿನ ಐದರಿಂದ ರಾತ್ರಿ ಹನ್ನೊಂದರವರೆಗೆ ದುಡಿಸಿಕೊಂಡವರೂ ಇದ್ದರು. ಮಂಗಳೂರಿನಿಂದ ಬಂದ ಜಾರ್ಜ್ ಫೆರ್ನಾಂಡಿಸರಂಥವರು ಹೋಟೆಲು ಕಾರ್ಮಿಕರನ್ನು ಸಂಘಟಿಸಲು ಹೊರಟದ್ದು ಸುಮ್ಮನೆ ಅಲ್ಲ. ಎರಡೂ ಕಡೆಯವರು ಆಡಿದ್ದು ಕುಟುಂಬದ ಮಾತನ್ನೇ. ವ್ಯತ್ಯಾಸ ಕಾಣುತ್ತಿದ್ದುದು ಸಂಜೆ ಬಿಡುವ ಹೊತ್ತಿನಲ್ಲಿ, ತಿಂಗಳ ಕೊನೆಯ ಲೆಕ್ಕದಲ್ಲಿ. ಆದುದರಿಂದ ಶನಿವಾರ ಪಿಜ್ಜಾ ತರಿಸಿ ಹುಟ್ಟುಹಬ್ಬ ಆಚರಿಸುವ ಕಛೇರಿಯ ಬಗ್ಗೆ ಹೊಗಳಿಕೆ ಕೇಳಿದರೆ, ಅಲ್ಲಿ ವಾರದ ರಜೆ ಹೇಗೆ, ಪಗಾರ ಯಾವ ತಾರೀಕಿಗೆ ಎಂದು ಕೇಳುವುದು ಒಳ್ಳೆಯದು.

ಹೊತ್ತಿನ ಮಾತು ಬಂತು. ನಮ್ಮ ಕಡೆಯ ಗುಮಾಸ್ತನ ದಿನ ಕಛೇರಿಯಲ್ಲಿ ಅಲ್ಲ, ಪ್ಲಾಟ್‌ಫಾರ್ಮಿನಲ್ಲಿ ಆರಂಭವಾಗುತ್ತದೆ. ೧೮೫೩ರಲ್ಲಿ ಬೋರಿಬಂದರದಿಂದ ಥಾಣೆಗೆ ಓಡಿದ ಮೊದಲ ರೈಲನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಇಂದು ಬೆಳಗ್ಗೆ ಎಂಟೂವರೆಗೆ ಡೊಂಬಿವಲಿಯಲ್ಲಿ ಅದೇ ದಾರಿಯ ಲೋಕಲ್ ಹತ್ತುವುದೆಂದರೆ ಕಾಳಗ. ಕೆಲಸ ನವಿಮುಂಬಯಿಯಲ್ಲಿದ್ದರೆ ಥಾಣೆಯಲ್ಲಿ ಇಳಿದು, ೨೦೦೪ರಲ್ಲಿ ಆರಂಭವಾದ ವಾಶಿಯ ಮಾರ್ಗಕ್ಕೆ ಗಾಡಿ ಬದಲಿಸಬೇಕು. ೨೦೨೫ರ ಜೂನ್ ೯ರ ಬೆಳಗ್ಗೆ ಮುಂಬ್ರಾದ ಬಳಿ ಎದುರುಬದುರಾದ ಎರಡು ಕಿಕ್ಕಿರಿದ ಲೋಕಲ್‌ಗಳ ಬಾಗಿಲಲ್ಲಿ ಜೋತುಬಿದ್ದಿದ್ದವರು ಹಳಿಗೆ ಬಿದ್ದು ಪ್ರಾಣ ಕಳೆದುಕೊಂಡದ್ದು ನಮಗೆಲ್ಲ ಮರೆಯದ ಸಂಗತಿ. ಮೂರು ‘ಲೇಟ್ ಮಾರ್ಕ್’ಗೆ ಅರ್ಧ ದಿನದ ಪಗಾರ ಕಡಿಯುವ ಪದ್ಧತಿ ಅನೇಕ ಸಣ್ಣ ಕಛೇರಿಗಳಲ್ಲಿದೆ. ಹತ್ತು ನಿಮಿಷ ತಡವಾದರೆ ಹಣ ಹೋಗುತ್ತದೆಂದು ತಿಳಿದವನು ತುಂಬಿದ ಗಾಡಿಯನ್ನು ಬಿಟ್ಟು ಮುಂದಿನದಕ್ಕೆ ಕಾಯುವನೆ?

ಇಲ್ಲಿ ಈ ವೃತ್ತಿಗೆ ಒಂದು ಅನುಕೂಲವುಂಟು, ಅದನ್ನು ಬಳಸಿಕೊಳ್ಳುವವರು ಕಡಿಮೆ. ಈಗಾಗಲೇ ಕೆಲಸದಲ್ಲಿರುವ ಉಮೇದುವಾರರು ಹಗಲಿನಲ್ಲಿ ಮಾತಿಗೆ ಸಿಗುವುದಿಲ್ಲ. ಸಂಜೆ ಆರರ ಮೇಲೆ ಸಿಗುತ್ತಾರೆ. ಕಂಪನಿಗಳು ಹಗಲಿನಲ್ಲಿಯೇ ಸಿಗುತ್ತವೆ. ಎಲ್ಲರನ್ನೂ ಒಂಬತ್ತೂವರೆಗೆ ಕರೆಸಿ ರಾತ್ರಿ ಎಂಟರವರೆಗೆ ಕೂಡಿಸುವ ಬದಲು, ಮೂವರು ಎಂಟಕ್ಕೆ ಬಂದು ಐದಕ್ಕೆ ಹೋಗಲಿ, ಮೂವರು ಹನ್ನೊಂದಕ್ಕೆ ಬಂದು ಎಂಟಕ್ಕೆ ಹೋಗಲಿ. ಇಬ್ಬರಿಗೂ ಗರ್ದಿ ತಪ್ಪಿತು, ಫೋನಿಗೆ ಎರಡು ಹೊತ್ತಿನಲ್ಲಿಯೂ ಜನ ಸಿಕ್ಕರು. ಮನೆಗೆ ಹೋದ ಮೇಲೆ ಯಜಮಾನರ ಫೋನು ಎತ್ತಬೇಕಾದ ಅಗತ್ಯವೂ ಇಲ್ಲ.

ಫೋನು ಎಂದ ಕೂಡಲೆ ಹೆಣ್ಣುಮಕ್ಕಳ ತೊಂದರೆಯನ್ನು ಹೇಳದಿದ್ದರೆ ಆಗದು. ಅಪರಿಚಿತರಿಗೆ ದಿನವಿಡೀ ಕರೆ ಮಾಡುವ ಕೆಲಸ. ನಂಬರು ಸಿಕ್ಕಿತೆಂದು ರಾತ್ರಿ ಸಂದೇಶ ಕಳುಹಿಸುವ ಉಮೇದುವಾರರುಂಟು, ‘ಒಮ್ಮೆ ಹೊರಗೆ ಸಿಗೋಣ’ ಎನ್ನುವ ಕಂಪನಿಯ ಅಧಿಕಾರಿಗಳೂ ಉಂಟು. ಕಛೇರಿ ತನ್ನದೇ ನಂಬರು ಕೊಡಬೇಕು. ಹುಡುಗಿಯ ಸ್ವಂತ ನಂಬರಿನಿಂದ ವ್ಯಾಪಾರ ಮಾಡಿಸಬಾರದು. ದೂರು ಬಂದಾಗ ಯಜಮಾನರು ಗಿರಾಕಿಯ ಮುಖ ನೋಡುತ್ತಾರೋ ಗುಮಾಸ್ತೆಯ ಮುಖ ನೋಡುತ್ತಾರೋ, ಉಳಿದ ಐವರೂ ಅದನ್ನೇ ನೋಡುತ್ತಿರುತ್ತಾರೆ. ೨೦೧೩ರ ಕಾಯಿದೆಯಂತೆ ಹತ್ತು ಜನರಿರುವಲ್ಲಿ ದೂರು ಕೇಳುವ ಒಳಸಮಿತಿ ಇರಬೇಕು. ಅಷ್ಟು ಜನರಿಲ್ಲದ ಕಛೇರಿಯ ಹೆಂಗಸರೂ, ಯಜಮಾನರ ಮೇಲೆಯೇ ದೂರು ಇರುವವರೂ ಜಿಲ್ಲೆಯ ಸ್ಥಾನಿಕ ಸಮಿತಿಗೆ ದೂರು ಕೊಡಬಹುದು. ಇದನ್ನು ಬಲ್ಲವರು ಕಡಿಮೆ. ಮನೆಯ ಹೆಣ್ಣುಮಕ್ಕಳಿಗೆ ದಯವಿಟ್ಟು ತಿಳಿಸಿರಿ.

ಇನ್ನು ಮೇಜಿನ ಈಚೆ ಬದಿಯವರ ಮಾತು. ಕೆಲಸ ಬೇಡುವವನಿಂದ ಹಣ ತೆಗೆದುಕೊಳ್ಳಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೧೯೯೭ರ ತನ್ನ ೧೮೧ನೆಯ ಒಡಂಬಡಿಕೆಯಲ್ಲಿ ಹೇಳಿದೆ. ಭಾರತ ಅದನ್ನು ಅಂಗೀಕರಿಸಿಲ್ಲ. ಪರದೇಶಕ್ಕೆ ಕಳುಹಿಸುವವರ ಮೇಲೆ ಮಾತ್ರ ೧೯೮೩ರ ವಲಸೆ ಕಾಯಿದೆಯ ಹಿಡಿತವಿದೆ: ಅವರು ನೋಂದಣಿ ಪಡೆದಿರಬೇಕು, ಸೇವಾಶುಲ್ಕ ಮೂವತ್ತು ಸಾವಿರ ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯನ್ನು ಮೀರಬಾರದು, ರಶೀದಿ ಕೊಡಬೇಕು. ಇದೇ ಊರುಗಳ ಕೆಲಸಕ್ಕೆ ‘ರಿಜಿಸ್ಟ್ರೇಶನ್’ ಎಂದು ಐನೂರು ಸಾವಿರ ಕೇಳುವ ಕಛೇರಿ ಕಂಡರೆ ಅಲ್ಲಿಯ ಗುಮಾಸ್ತರ ಸಂಬಳ ಎಲ್ಲಿಂದ ಬರುತ್ತಿದೆ ಎಂಬುದು ತಿಳಿದಂತಾಯಿತು. ಅಂಥಲ್ಲಿ ಉಮೇದುವಾರನಾಗಿಯೂ ಹೋಗಬೇಡಿ, ಗುಮಾಸ್ತನಾಗಿಯೂ ಸೇರಬೇಡಿ. ಮೂಲ ಅಂಕಪಟ್ಟಿಯನ್ನು ಯಾವ ಕಛೇರಿಯಲ್ಲಿಯೂ ಬಿಟ್ಟುಬರುವ ಕಾರಣವಿಲ್ಲ, ಪ್ರತಿ ಸಾಕು. ಒಳ್ಳೆಯ ಕಛೇರಿಯ ಗುರುತು ಇನ್ನೊಂದುಂಟು: ಆಯ್ಕೆಯಾಗದವನಿಗೂ ಅಲ್ಲಿಂದ ಫೋನು ಬರುತ್ತದೆ. ಆ ಎರಡು ನಿಮಿಷಕ್ಕೆ ಯಾವ ಇನ್ಸೆಂಟಿವ್ ಕೂಡ ಇಲ್ಲ. ಬಂದರೆ, ಅಲ್ಲಿ ಗುಮಾಸ್ತರಿಗೆ ಉಸಿರಾಡಲು ಬಿಡುವಿದೆ ಎಂದು ತಿಳಿಯಬಹುದು.

ಇಂಥ ಕಛೇರಿಯಲ್ಲಿ ಸೇರಿಕೊಳ್ಳುವವರು ನೇಮಕಪತ್ರ ಕೇಳಲು ಸಂಕೋಚಪಡಬಾರದು. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ನೇಮಕಪತ್ರ ಕೊಡುವುದಕ್ಕೆ ಒತ್ತು ಇದೆ. ಅದರಲ್ಲಿ ಮೂಲಸಂಬಳ ಎಷ್ಟು, ಇನ್ಸೆಂಟಿವ್ ಯಾವಾಗ, ಕೆಲಸ ಬಿಟ್ಟು ಹೋಗುವಾಗ ಬಾಕಿ ಇನ್ಸೆಂಟಿವ್ ಸಿಗುವುದೆ ಇಲ್ಲವೆ ಎಂಬ ಮೂರನ್ನು ಹುಡುಕಿ ನೋಡಿ. ಮೂರನೆಯದು ಬಹುತೇಕ ಕಾಗದಗಳಲ್ಲಿ ಇರುವುದಿಲ್ಲ, ಬರೆಸಿಕೊಳ್ಳಬೇಕು. ಇಂಗ್ಲಿಷ್ ತೊಡಕಾದರೆ ಸಹಿ ಹಾಕುವ ಮುಂಚೆ ಪತ್ರವನ್ನು ವಾಚನಾಲಯಕ್ಕೆ ತನ್ನಿ, ಸಂಜೆಯ ಹೊತ್ತು ಓದಿ ಹೇಳುವವರು ಇಲ್ಲಿ ಯಾರಾದರೊಬ್ಬರು ಇರುತ್ತಾರೆ.